ತಿದ್ದುವವನಿಗೂ ದೀನತೆ ಬೇಕು: ಇನ್ನೊಬ್ಬರ ತಪ್ಪು ಹೇಳುವ ಬಗ್ಗೆ ಬೈಬಲ್ ಏನನ್ನುತ್ತದೆ?

ನಿಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಿಮಗೆ ಬೇಕಾದವರೊಬ್ಬರು ದಾರಿ ತಪ್ಪುತ್ತಿದ್ದಾರೆ. ಅಥವಾ ಬೋಧಕರೊಬ್ಬರು ಬೈಬಲ್‌ನಲ್ಲಿ ಇಲ್ಲದ್ದನ್ನು ಇದೆ ಅಂತ ಹೇಳಿದ್ದಾರೆ, ಆ ಮಾತಿನ ತುಣುಕು ಎಲ್ಲರ ಫೋನಿಗೂ ಬಂದಿದೆ. ಈಗ ಏನು ಮಾಡಬೇಕು? ಬಾಯಿ ಬಿಟ್ಟರೆ "ತೀರ್ಪು ಮಾಡೋಕೆ ನೀನ್ಯಾರು?" ಅನ್ನುತ್ತಾರೆ. ಸುಮ್ಮನಿದ್ದರೆ "ಸತ್ಯದ ಪರ ನಿಲ್ಲೋಕೆ ಧೈರ್ಯ ಇಲ್ಲ" ಅನ್ನುತ್ತಾರೆ. ಎರಡೂ ಕಡೆಯವರು ಮುಂದಿಡುವುದು ಬೈಬಲ್ ವಚನಗಳನ್ನೇ, ಅದೇ ತಮಾಷೆ.

ಈ ಗೊಂದಲ ಹೊಸದಲ್ಲ. ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಬಹುಪಾಲು ಯಾರನ್ನೋ ತಿದ್ದುವುದಕ್ಕೆಂದೇ ಬರೆದವು. ಹಾಗೆ ತಿದ್ದಿದವರೇ ದೀನರಾಗಿರಿ ಎಂದೂ ಬರೆದಿದ್ದಾರೆ. ಇವೆರಡೂ ಒಟ್ಟಿಗೆ ಹೇಗೆ ನಡೆಯುತ್ತವೆ ಎಂದು ನೋಡೋಣ.

## "ತೀರ್ಪು ಮಾಡಬೇಡಿರಿ" ಅಂದರೆ ಸುಮ್ಮನಿರಿ ಅಂತಲಾ?

ಮತ್ತಾಯ ಸುವಾರ್ತೆಯ 7ನೇ ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ. ಚರ್ಚಿಗೆ ಹೋಗದವರಿಗೂ ಇದು ಗೊತ್ತು. ಬಹಳ ಜನ ಮೊದಲ ವಚನಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ಯೇಸುವಿನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ನಿನ್ನ ಕಣ್ಣಲ್ಲೇ ತೊಲೆ ಇರುವಾಗ ಸಹೋದರನ ಕಣ್ಣಿನ ರವೆಯನ್ನು (ಕಸದ ಚೂರನ್ನು) ಯಾಕೆ ನೋಡುತ್ತೀ ಎಂದು ಕೇಳುತ್ತಾರೆ. ಆಮೇಲೆ 5ನೇ ವಚನದಲ್ಲಿ, ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಗ ಅವನ ಕಣ್ಣಿನ ರವೆ ತೆಗೆಯುವುದಕ್ಕೆ ನಿನಗೆ ಚೆನ್ನಾಗಿ ಕಾಣಿಸುತ್ತದೆ ಎನ್ನುತ್ತಾರೆ.

ಅಂದರೆ ರವೆ ಅಲ್ಲೇ ಇರಲಿ ಅಂತ ಅವರು ಹೇಳಲಿಲ್ಲ. ತೆಗೆಯಬೇಕು, ಆದರೆ ಸರದಿ ತಪ್ಪಬಾರದು. ಅದೇ ಅಧ್ಯಾಯದ 15ನೇ ವಚನದಲ್ಲಿ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ ಎಂಬ ಮಾತಿದೆ. ಯಾರು ಸುಳ್ಳು, ಯಾರು ನಿಜ ಅಂತ ಅಳೆಯದೆ ಎಚ್ಚರವಾಗಿರೋದು ಹೇಗೆ? ಹಾಗಾದರೆ ಬೇಡ ಅಂದಿರುವುದು ತಪ್ಪನ್ನು ತಪ್ಪು ಅಂತ ಗುರುತಿಸುವುದನ್ನಲ್ಲ. ದೇವರ ಕುರ್ಚಿಯಲ್ಲಿ ಕೂತು "ಇವನ ಕಥೆ ಇಷ್ಟೇ" ಅಂತ ಷರಾ ಬರೆಯುವುದನ್ನು.

ಹಳೆಯ ಒಡಂಬಡಿಕೆ ಇನ್ನೂ ನೇರವಾಗಿದೆ. ಯಾಜಕಕಾಂಡ 19ನೇ ಅಧ್ಯಾಯದ 17ನೇ ವಚನ ಎರಡು ಮಾತು ಹೇಳುತ್ತದೆ: ಸಹೋದರನ ಮೇಲೆ ಮನಸ್ಸಿನೊಳಗೆ ದ್ವೇಷ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೇ ಹೇಳು. ಇವೆರಡನ್ನೂ ಒಂದೇ ವಚನದಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ. ಎದುರಿಗೆ ಹೇಳದ ಮಾತು ಒಳಗೆ ಹುಳಿಯುತ್ತದೆ. ಆಮೇಲೆ ಅದು ಬೇರೆಯವರ ಹತ್ತಿರ ಹೊರಗೆ ಬರುತ್ತದೆ. ಎಲ್ಲರೂ ಬಾಯಿಪಾಠ ಮಾಡಿರುವ "ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು" ಎಂಬ ಆಜ್ಞೆ ಬರುವುದು ಅದರ ಮುಂದಿನ ವಚನದಲ್ಲೇ.

## ದೀನತೆ ಯಾವುದು, ಯಾವುದು ಅಲ್ಲ

ದೀನತೆ ಅಂದರೆ ತನ್ನನ್ನು ತಾನೇ ಹಳಿದುಕೊಳ್ಳುವುದು ಅಂತ ಕೆಲವರು ತಿಳಿದಿದ್ದಾರೆ. ಯಾವುದರಲ್ಲೂ ಖಚಿತವಾಗಿ ಮಾತಾಡದೆ ಇರುವುದೇ ದೀನತೆ ಅನ್ನುವವರೂ ಇದ್ದಾರೆ. ಬೈಬಲ್ ಹೇಳುವುದು ಇವೆರಡೂ ಅಲ್ಲ. ದೇವರ ಮುಂದೆ ತಾನು ಎಲ್ಲಿ ನಿಂತಿದ್ದೇನೆ ಎಂದು ತಿಳಿದಿರುವುದೇ ದೀನತೆ. ಎದುರಿಗಿರುವವನಿಗೆ ಕೃಪೆ ಎಷ್ಟು ಬೇಕೋ ನನಗೂ ಅಷ್ಟೇ ಬೇಕು ಎಂಬ ನೆನಪು ಅದು.

ಲೂಕ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು, ಇನ್ನೊಬ್ಬ ಸುಂಕ ವಸೂಲಿ ಮಾಡುವವನು. ಫರಿಸಾಯ ವಾರಕ್ಕೆ ಎರಡು ಸಾರಿ ಉಪವಾಸ ಮಾಡುತ್ತೇನೆ, ಸಂಪಾದನೆಯಲ್ಲಿ ಹತ್ತನೇ ಪಾಲು ಕೊಡುತ್ತೇನೆ ಎನ್ನುತ್ತಾನೆ. ಅವನು ಸುಳ್ಳು ಹೇಳಿದ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಸುಂಕದವನೂ ತಾನು ಪಾಪಿ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಹಾಗಾಗಿ ಫರಿಸಾಯ ಕೊಟ್ಟ ವರದಿಯಲ್ಲಿ ತಪ್ಪಿಲ್ಲ. ಕೆಟ್ಟದ್ದು "ನಾನು ಈ ಸುಂಕದವನ ಹಾಗಲ್ಲ" ಎಂಬ ಒಂದು ಮಾತಿನಲ್ಲಿ. ಇನ್ನೊಬ್ಬನ ಪಾಪವನ್ನು ಅವನು ತನ್ನ ಎತ್ತರ ಅಳೆಯುವ ಕೋಲು ಮಾಡಿಕೊಂಡ.

ಇಂಥದ್ದೇ ಇನ್ನೊಂದು ಪ್ರಸಂಗ ಕೊರಿಂಥ ಸಭೆಯದ್ದು. ಅಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬ ಜಗಳ ಎದ್ದಿತ್ತು. ತಿನ್ನಬಹುದು, ವಿಗ್ರಹದಲ್ಲಿ ಏನೂ ಇಲ್ಲ ಅನ್ನುವ ಒಂದು ಗುಂಪು. ಅವರ ತಿಳಿವಳಿಕೆ ಸರಿ ಅಂತ ಆ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನೇ ಒಪ್ಪುತ್ತಾನೆ. ಆದರೂ ಅವರನ್ನೇ ತಿದ್ದುತ್ತಾನೆ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎನ್ನುತ್ತಾನೆ (1 ಕೊರಿಂಥ 8:1). ಅವರ ಸರಿಯಾದ ತಿಳಿವಳಿಕೆಯೇ ಬಲಹೀನ ಮನಸ್ಸಿನ ಸಹೋದರನನ್ನು ಎಡವಿಸುತ್ತಿತ್ತು.

ಈ ಇಡೀ ವಿಷಯದಲ್ಲಿ ಜನ ಹೆಚ್ಚಾಗಿ ಮರೆಯುವುದು ಇದನ್ನೇ. ನಮ್ಮ ವಾದ ಸರಿ ಇದ್ದರೆ ನಾವೂ ಸರಿ ಇದ್ದೇವೆ ಅಂತ ಅಂದುಕೊಳ್ಳುತ್ತೇವೆ. ವಾದ ನೂರಕ್ಕೆ ನೂರು ಸರಿ ಇದ್ದೂ ವಾದಿಸುವವನು ಕೆಟ್ಟಿರಬಹುದು.

## ಕಣ್ಣಿಗೆ ಕೈ ಹಾಕುವ ಕೆಲಸ

ಯೇಸು ಈ ಮಾತಿಗೆ ಕಾಲು ಮುಳ್ಳನ್ನೋ ಬಟ್ಟೆಯ ಕಲೆಯನ್ನೋ ಆರಿಸಲಿಲ್ಲ, ಕಣ್ಣನ್ನು ಆರಿಸಿದರು. ಯಾರದೋ ಕಣ್ಣಿಗೆ ಕಸ ಬಿದ್ದಾಗ ಏನು ಮಾಡುತ್ತೇವೆ, ಯೋಚಿಸಿ. ಹತ್ತಿರ ಹೋಗುತ್ತೇವೆ. ಕೈ ತೊಳೆದುಕೊಳ್ಳುತ್ತೇವೆ. ಅವರನ್ನು ಬೆಳಕಿಗೆ ತಿರುಗಿಸುತ್ತೇವೆ. ಬಟ್ಟೆಯ ತುದಿಯಿಂದ ಮೆಲ್ಲಗೆ ಮುಟ್ಟುತ್ತೇವೆ, ಯಾಕೆಂದರೆ ಸ್ವಲ್ಪ ಜೋರಾದರೂ ಕಸಕ್ಕಿಂತ ನಮ್ಮ ಬೆರಳೇ ಜಾಸ್ತಿ ಗಾಯ ಮಾಡುತ್ತದೆ. ದೂರದಲ್ಲಿ ನಿಂತು "ನಿನ್ನ ಕಣ್ಣಲ್ಲಿ ಕಸ ಇದೆ" ಅಂತ ಕೂಗಿ ಹೋಗುವವನು ಸಹಾಯ ಮಾಡಿದ ಹಾಗಾಗುವುದಿಲ್ಲ. ಕಣ್ಣಿರುವ ಆ ಮನುಷ್ಯನೂ ರೆಪ್ಪೆ ಬಿಡಿಸಿ ಅಲುಗಾಡದೆ ನಿಲ್ಲಬೇಕು. ನಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಯಾರೂ ಹಾಗೆ ನಿಲ್ಲುವುದಿಲ್ಲ.

ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದ ಮೊದಲ ವಚನ ಇದನ್ನೇ ನೇರ ಮಾತಿನಲ್ಲಿ ಹೇಳುತ್ತದೆ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ, ಆತ್ಮನಿಂದ ನಡೆಯುವ ನೀವು ಅವನನ್ನು ಶಾಂತ ಮನಸ್ಸಿನಿಂದ ಸರಿಮಾಡಿ. ನೀನೂ ಶೋಧನೆಗೆ (ಪಾಪದ ಸೆಳೆತಕ್ಕೆ) ಒಳಗಾದೀಯೆ, ನಿನ್ನನ್ನು ನೋಡಿಕೋ. ಇಲ್ಲಿ ಕೆಲಸ ಸರಿಮಾಡುವುದು, ಬೈಯುವುದಲ್ಲ. ಶೋಧನೆ ಅಂದರೆ ಅದೇ ಪಾಪಕ್ಕೆ ಬೀಳುವ ಅಪಾಯ ಮಾತ್ರ ಅಂತಲೂ ಇಲ್ಲ. ತಿದ್ದುವವನಿಗೆ ಅದಕ್ಕಿಂತ ಹತ್ತಿರದ ಶೋಧನೆ "ನಾನು ಮೇಲು" ಎಂಬ ಸುಖ. ಎರಡೇ ವಚನ ದಾಟಿದರೆ ಪೌಲ ಅದನ್ನೂ ಹೇಳುತ್ತಾನೆ: ಏನೂ ಅಲ್ಲದವನು ತಾನೇನೋ ಅಂದುಕೊಂಡರೆ ತನ್ನನ್ನೇ ಮೋಸಗೊಳಿಸುತ್ತಾನೆ.

## ಮೂವರು ತಿದ್ದಿದ ರೀತಿ

ದಾವೀದ ರಾಜ ಬತ್ಷೆಬೆಯೊಂದಿಗೆ ವ್ಯಭಿಚಾರ ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ. ಪ್ರವಾದಿ ನಾತಾನ ಅವನ ಹತ್ತಿರ ಹೋಗಿ ಮೊದಲು ಒಂದು ಕಥೆ ಹೇಳಿದ. ಬೇಕಾದಷ್ಟು ಕುರಿ ಇದ್ದ ಶ್ರೀಮಂತನೊಬ್ಬ, ಬಡವ ಮಗಳಂತೆ ಸಾಕಿದ್ದ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ. ದಾವೀದ ಕೋಪದಿಂದ ಕೆಂಡವಾದ, ಅವನಿಗೆ ಸಾವೇ ಸರಿ ಎಂದ. ಆಗ ನಾತಾನ "ಆ ಮನುಷ್ಯ ನೀನೇ" ಎಂದ (2 ಸಮುವೇಲ 12). ಮಾತು ಮೆತ್ತಗಿರಲಿಲ್ಲ. ಆದರೆ ತೀರ್ಪು ಕೊಟ್ಟಿದ್ದು ದಾವೀದನ ಮನಸ್ಸಾಕ್ಷಿಯೇ. ಅದು ತಾನಾಗಿ ಎಚ್ಚರಗೊಳ್ಳಲಿ ಅಂತ ನಾತಾನ ಜಾಗ ಮಾಡಿಕೊಟ್ಟ.

ಎರಡನೆಯದು ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ್ದು. ಅಪೊಲ್ಲೋಸ ಒಳ್ಳೆಯ ಮಾತುಗಾರ, ಶಾಸ್ತ್ರ ಚೆನ್ನಾಗಿ ಬಲ್ಲವನು. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮುಂಚೆ ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ. ಡೇರೆ ಮಾಡುವ ಕಸುಬಿನ ಗಂಡ ಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ, ಅವನ ಮಾತು ಕೇಳಿದರು. ಸಭೆಯ ಮಧ್ಯೆ ಎದ್ದು ನಿಂತು ತಡೆಯಲಿಲ್ಲ. ಅವನನ್ನು ತಮ್ಮ ಹತ್ತಿರ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅಷ್ಟು ದೊಡ್ಡ ಬೋಧಕ ಡೇರೆ ಹೊಲಿಯುವವರಿಂದ ಕಲಿತ. ಅವನಿಗೂ ದೀನತೆ ಇತ್ತು, ಅಲ್ವಾ? ಅದರಿಂದ ಅವನ ಸೇವೆ ನಿಲ್ಲಲಿಲ್ಲ. ಆಮೇಲೆ ಅವನು ಅಖಾಯದಲ್ಲಿ ವಿಶ್ವಾಸಿಗಳಿಗೆ ಬಹಳ ನೆರವಾದ ಎಂದು ಅದೇ ಅಧ್ಯಾಯ ಹೇಳುತ್ತದೆ.

ಮೂರನೆಯದು ಎಲ್ಲರಿಗೂ ಕಷ್ಟವಾಗುವ ಪ್ರಸಂಗ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಕೆಲವು ಯೆಹೂದ್ಯರು ಬಂದ ಮೇಲೆ ಹೆದರಿ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ, ಪೌಲನ ಜೊತೆಗಾರ ಬಾರ್ನಬನೂ ಹಾಗೇ ಮಾಡಿದರು. ಪೌಲ ಎಲ್ಲರ ಮುಂದೆಯೇ ಅವನನ್ನು ಪ್ರಶ್ನಿಸಿದ (ಗಲಾತ್ಯ 2). ಇದು ದೀನತೆಯಾ?

ಪೌಲ ಯಾಕೆ ಹಾಗೆ ಮಾಡಿದ ಎನ್ನುವುದಕ್ಕೆ ಕಾರಣ ಅದೇ ಭಾಗದಲ್ಲಿದೆ. ಪೇತ್ರ ಮಾಡಿದ್ದು ಎಲ್ಲರೆದುರಿಗೆ. ಅವನ ಹಿಂದೆ ಬೇರೆಯವರೂ ಹೋಗಿಬಿಟ್ಟಿದ್ದರು. ಜೊತೆಗೆ ಅದು ಬರೀ ಊಟದ ವಿಷಯ ಅಲ್ಲ. ಅನ್ಯಜನರು ಯೆಹೂದ್ಯರಂತೆ ಆದರೆ ಮಾತ್ರ ಪೂರ್ತಿ ಸಹೋದರರು ಎಂಬ ಅರ್ಥ ಬರುತ್ತಿತ್ತು, ಸುವಾರ್ತೆಯ ಬುಡಕ್ಕೇ ಪೆಟ್ಟು ಬೀಳುತ್ತಿತ್ತು. ಪೌಲ ಪೇತ್ರನ ಮುಖಕ್ಕೇ ಹೇಳಿದ ಎಂಬುದನ್ನೂ ಗಮನಿಸಬೇಕು. ಬೆನ್ನ ಹಿಂದೆ ಗುಂಪು ಕಟ್ಟಲಿಲ್ಲ. ಮುಂದೆ ಪೇತ್ರನ ಹೆಸರಿನ ಎರಡನೆಯ ಪತ್ರದ ಕೊನೆಯಲ್ಲಿ ಪೌಲನನ್ನು "ಪ್ರಿಯ ಸಹೋದರ" ಎಂದೇ ಕರೆದಿದೆ. ಎಲ್ಲರೆದುರು ಗದರಿಸುವುದಕ್ಕೆ ಈ ಪ್ರಸಂಗವನ್ನು ನೆಪ ಮಾಡಿಕೊಳ್ಳುವವರು ತಮ್ಮ ಸಂದರ್ಭದಲ್ಲಿ ಈ ಕಾರಣಗಳು ಇವೆಯೇ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

## ಮೊದಲು ಒಬ್ಬನೇ ಹೋಗು

ಮತ್ತಾಯ 18ನೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿ ಒಂದು ಕ್ರಮ ಇದೆ. ಸಹೋದರ ತಪ್ಪು ಮಾಡಿದರೆ ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ಹೊರಗಿನವನಂತೆ ಇರಲಿ.

ಇದರ ಗುರಿ ಏನು ಎನ್ನುವುದು ಮೊದಲ ವಚನದಲ್ಲೇ ಇದೆ: ಅವನು ಕೇಳಿದರೆ ನಿನ್ನ ಸಹೋದರನನ್ನು ಗಳಿಸಿಕೊಂಡೆ. ವಾದದಲ್ಲಿ ಗೆದ್ದೆ ಎಂದಿಲ್ಲ. ಈ ಕ್ರಮದಲ್ಲಿ ದೀನತೆಗೆ ನಿಜವಾದ ಪರೀಕ್ಷೆ ನಡೆಯುವುದು ಮೊದಲ ಹೆಜ್ಜೆಯಲ್ಲೇ ಎಂದು ನನಗನ್ನಿಸುತ್ತದೆ. ಒಬ್ಬನೇ ಹೋದಾಗ ನೋಡುವವರಿಲ್ಲ, ಮೆಚ್ಚುವವರಿಲ್ಲ. ತಿದ್ದಿದ್ದು ನಾನೇ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಜೊತೆಗೆ, ನನ್ನ ತಿಳಿವಳಿಕೆಯೇ ತಪ್ಪಾಗಿದ್ದರೆ ಅದು ಅಲ್ಲೇ ಬಯಲಾಗುತ್ತದೆ. ಜ್ಞಾನೋಕ್ತಿ 18ನೇ ಅಧ್ಯಾಯ ಇದನ್ನು ಎರಡು ಸಾರಿ ಹೇಳುತ್ತದೆ: ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ, ಮೊದಲು ವಾದ ಮಂಡಿಸಿದವನು ಸರಿ ಅನ್ನಿಸುತ್ತಾನೆ, ಇನ್ನೊಬ್ಬ ಬಂದು ಪ್ರಶ್ನಿಸುವವರೆಗೆ. ಹಾಗಾಗಿ "ನೀವು ಹೀಗೆ ಮಾಡಿದ್ದು ಯಾಕೆ?" ಎಂದು ಕೇಳುವುದು ನಯದ ನಾಟಕವಲ್ಲ. ನಿಜವಾಗಿಯೂ ಉತ್ತರ ಬೇಕಾಗಿ ಕೇಳಬೇಕು.

6ನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮದಲ್ಲೂ ಇದೇ ಕ್ರಮ ಇದೆ. ತಪ್ಪಿದ ಸನ್ಯಾಸಿಗೆ ಹಿರಿಯರು ಮೊದಲು ಗುಟ್ಟಾಗಿ, ಅದೂ ಎರಡು ಸಾರಿ ಬುದ್ಧಿ ಹೇಳಬೇಕು. ಆಮೇಲೆಯೇ ಎಲ್ಲರ ಮುಂದೆ.

ಯಾರಿಗೆ ಹೇಳುತ್ತಿದ್ದೇವೆ ಎನ್ನುವುದರ ಮೇಲೆ ದನಿಯೂ ಬದಲಾಗಬೇಕು. 1 ತಿಮೊಥೆಯ 5ನೇ ಅಧ್ಯಾಯ ವಯಸ್ಸಾದವರನ್ನು ಗದರಿಸಬೇಡ, ತಂದೆಗೆ ಹೇಳುವ ಹಾಗೆ ಹೇಳು ಎನ್ನುತ್ತದೆ. ಚಿಕ್ಕವರಿಗೆ ಅಣ್ಣತಮ್ಮಂದಿರಿಗೆ ಹೇಳಿದಂತೆ, ವಯಸ್ಸಾದ ಹೆಂಗಸರಿಗೆ ತಾಯಿಗೆ ಹೇಳಿದಂತೆ. ಸಭೆಯ ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಒಪ್ಪಬೇಡ. ಆದರೆ ಅವರು ಪಾಪದಲ್ಲೇ ಮುಂದುವರಿದರೆ ಎಲ್ಲರ ಮುಂದೆಯೇ ಖಂಡಿಸು.

ಒಂದು ಎಚ್ಚರಿಕೆ ಇಲ್ಲಿ ಬೇಕು. ಹೊಡೆತ, ಲೈಂಗಿಕ ದೌರ್ಜನ್ಯ, ಮಕ್ಕಳಿಗೆ ಆದ ಅನ್ಯಾಯ, ಹಣದ ಮೋಸ ಇಂಥವುಗಳಲ್ಲಿ "ಮೊದಲು ನೀನೊಬ್ಬಳೇ ಹೋಗಿ ಅವನಿಗೆ ಹೇಳು" ಅಂತ ನೊಂದವರ ಮೇಲೆ ಒತ್ತಡ ಹಾಕುವುದು ಈ ವಚನಗಳ ದುರುಪಯೋಗ. ಅಪರಾಧ ಆಗಿದ್ದರೆ ಅದು ಪೊಲೀಸರಿಗೆ ಹೋಗಬೇಕಾದ ವಿಷಯ. ಅಧಿಕಾರಿಗಳು ತಪ್ಪು ಮಾಡಿದವರನ್ನು ದಂಡಿಸುವುದಕ್ಕೆ ಇದ್ದಾರೆ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವೇ ಹೇಳುತ್ತದೆ. ದೀನತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ದೀನತೆ ಅಲ್ಲ.

## ಎಲ್ಲವನ್ನೂ ತಿದ್ದಬೇಕಾ?

ಬೇಡ. ರೋಮಾಪುರದವರಿಗೆ 14ನೇ ಅಧ್ಯಾಯ ಪೂರ್ತಿ ಇದರ ಮೇಲೇ ಇದೆ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಸೊಪ್ಪು ತರಕಾರಿ ಮಾತ್ರ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನಗಳೂ ಒಂದೇ. ಇಲ್ಲಿ ಪೌಲ ತಿದ್ದುವ ಕೆಲಸವನ್ನೇ ನಿಲ್ಲಿಸುತ್ತಾನೆ. ಮತ್ತೊಬ್ಬರ ಸೇವಕನ ವಿಷಯದಲ್ಲಿ ತೀರ್ಪು ಮಾಡೋಕೆ ನೀನ್ಯಾರು ಎಂದು ಕೇಳುತ್ತಾನೆ.

ಹಾಗಾಗಿ ಮಾತಾಡುವ ಮೊದಲು ಇದು ಪಾಪವಾ, ಸುವಾರ್ತೆಗೇ ಧಕ್ಕೆ ತರುವ ಬೋಧನೆಯಾ, ಇಲ್ಲ ನನಗೆ ರೂಢಿಯಿಲ್ಲದ ರೀತಿಯಾ ಎಂದು ನೋಡಬೇಕು. "ಮುಖ್ಯವಾದದ್ದರಲ್ಲಿ ಒಗ್ಗಟ್ಟು, ಉಳಿದದ್ದರಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲೂ ಪ್ರೀತಿ" ಎಂಬ ಮಾತನ್ನು ಇಂಥ ಕಡೆ ಪ್ರಾಚೀನ ಕ್ರೈಸ್ತ ಬೋಧಕ ಆಗಸ್ಟೀನ್ ಹೆಸರಿನಲ್ಲಿ ಹೇಳುತ್ತಾರೆ. ಅದು ಆಗಸ್ಟೀನನದ್ದಲ್ಲ, 17ನೇ ಶತಮಾನದ್ದು. (ಈ ತಪ್ಪನ್ನು ತಿದ್ದಲೇಬೇಕೆಂದು ಯಾರ ಜೊತೆಯೂ ಜಗಳವಾಡಬೇಕಾಗಿಲ್ಲ.)

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಸಹೋದರನನ್ನು ತಿದ್ದುವುದನ್ನು ದಾನಧರ್ಮದ ಸಾಲಿಗೆ ಸೇರಿಸುತ್ತಾನೆ. ಅದು ಪ್ರೀತಿಯ ಕೆಲಸ, ಆದರೆ ಜಾಗ ಮತ್ತು ಹೊತ್ತು ನೋಡಿ ಮಾಡಬೇಕಾದದ್ದು. ತಿದ್ದಿದರೆ ಅವನು ಇನ್ನೂ ಕೆಡುತ್ತಾನೆ ಅಂತ ಕಂಡರೆ ಆಗ ಬಿಡುವುದೂ ಸರಿ ಎನ್ನುತ್ತಾನೆ. ಹೆದರಿಕೆಯಿಂದ ಸುಮ್ಮನಿರುವುದನ್ನು ಮಾತ್ರ ಅವನು ಹಾಗೆ ಬಿಟ್ಟುಕೊಡುವುದಿಲ್ಲ.

## ದಾರಿ ತಪ್ಪಿದ ಒಂದು ಪತ್ರ

394–395ರ ಸುಮಾರಿಗೆ ಉತ್ತರ ಆಫ್ರಿಕದಲ್ಲಿದ್ದ ಆಗಸ್ಟೀನ್, ಬೆತ್ಲೆಹೇಮಿನಲ್ಲಿದ್ದ ಜೆರೋಮನಿಗೆ ಒಂದು ಪತ್ರ ಬರೆದ. ಜೆರೋಮ್ ಆಗಲೇ ದೊಡ್ಡ ವಿದ್ವಾಂಸ. ಪತ್ರದ ವಿಷಯ ಯಾವುದು ಗೊತ್ತಾ? ಪೌಲ ಪೇತ್ರನನ್ನು ಗದರಿಸಿದ ಅದೇ ಗಲಾತ್ಯ 2ನೇ ಅಧ್ಯಾಯ. ಆ ಜಗಳ ನಿಜದ್ದಲ್ಲ, ಜನರಿಗೆ ಪಾಠವಾಗಲಿ ಅಂತ ಇಬ್ಬರೂ ಸೇರಿ ನಡೆಸಿದ್ದು ಎಂದು ಜೆರೋಮ್ ಬರೆದಿದ್ದ. ಹಾಗಂದರೆ ಶಾಸ್ತ್ರದಲ್ಲೇ ಸುಳ್ಳಿದೆ ಅಂದ ಹಾಗಾಗುತ್ತದೆ ಎಂಬುದು ಆಗಸ್ಟೀನನ ಆಕ್ಷೇಪ.

ಆ ಪತ್ರ ಆಗ ಬೆತ್ಲೆಹೇಮ್ ತಲುಪಲಿಲ್ಲ. ಅದೇ ವಿಷಯದ ಮೇಲೆ ಅವನು ಆಮೇಲೆ ಬರೆದ ಇನ್ನೊಂದು ಪತ್ರದ ಪ್ರತಿಗಳು ಇಟಲಿಯಲ್ಲಿ ಕೈಯಿಂದ ಕೈಗೆ ಓಡಾಡಿದವು. ತನ್ನ ವಿರುದ್ಧ ಆಗಸ್ಟೀನ್ ಪುಸ್ತಕ ಬರೆದು ರೋಮಿಗೆ ಕಳಿಸಿದ್ದಾನೆ ಎಂಬ ಸುದ್ದಿ ಜೆರೋಮನಿಗೆ ಮುಟ್ಟಿತು. ಅವನಿಗೆ ಸಿಟ್ಟು ಬಂತು. ಹೆಸರು ಮಾಡಿಕೊಳ್ಳಲು ದೊಡ್ಡವರನ್ನು ಕೆಣಕುವ ಹುಡುಗಾಟ ಎಂಬ ಧಾಟಿಯಲ್ಲಿ ಉತ್ತರಿಸಿದ. ಒಬ್ಬರಿಗೊಬ್ಬರು ಹೇಳಬೇಕಾದ ಮಾತು ಊರೆಲ್ಲ ಸುತ್ತಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕೇ?

ಆಗಸ್ಟೀನ್ ತನ್ನ ವಾದ ಬಿಟ್ಟುಕೊಡಲಿಲ್ಲ. ಆದರೆ ನೋವಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡ, ತನ್ನ ಬರಹದಲ್ಲಿ ತಪ್ಪಿದ್ದರೆ ನೀವೂ ತಿದ್ದಿ ಎಂದ. ವರ್ಷಗಟ್ಟಲೆ ಪತ್ರಗಳು ನಡೆದು, ಆಮೇಲಾಮೇಲೆ ಇಬ್ಬರೂ ಪರಸ್ಪರ ಗೌರವದಿಂದಲೇ ಬರೆದುಕೊಂಡರು. ಮುಂದೆ 426–427ರಲ್ಲಿ ಆಗಸ್ಟೀನ್ ತನ್ನ ಪುಸ್ತಕಗಳನ್ನೆಲ್ಲ ಒಂದೊಂದಾಗಿ ತೆಗೆದು, ಎಲ್ಲೆಲ್ಲಿ ತಪ್ಪಿದೆ ಎಂದು ಪಟ್ಟಿ ಮಾಡಿ ಪ್ರಕಟಿಸಿದ. ಇನ್ನೊಬ್ಬರನ್ನು ತಿದ್ದುವ ಹಕ್ಕು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಾನು ಈ ಪುಸ್ತಕವನ್ನು ತೋರಿಸುತ್ತೇನೆ.

18ನೇ ಶತಮಾನದ ಇಂಗ್ಲೆಂಡಿನ ಬೋಧಕರಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವಿಟ್‌ಫೀಲ್ಡ್ ನಡುವೆಯೂ ಇಂಥ ಜಗಳ ನಡೆಯಿತು. ರಕ್ಷಣೆಗೆ ಯಾರ್‍ಯಾರು ಎಂದು ದೇವರು ಮೊದಲೇ ಆರಿಸಿದ್ದಾನೆಯೇ ಎಂಬ ಪ್ರಶ್ನೆಯ ಮೇಲೆ ಇಬ್ಬರೂ ಬಹಿರಂಗವಾಗಿ ಬರೆದರು, ದೂರವಾದರು. ಆ ವಿಷಯದಲ್ಲಿ ಅವರು ಕೊನೆಯವರೆಗೂ ಒಂದಾಗಲಿಲ್ಲ, ಸ್ನೇಹ ಮಾತ್ರ ಮತ್ತೆ ಕೂಡಿತು. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ, ಅವನ ಇಷ್ಟದಂತೆ, ಲಂಡನ್ನಿನಲ್ಲಿ ಸ್ಮರಣೆಯ ಉಪದೇಶ ಮಾಡಿದ್ದು ವೆಸ್ಲಿಯೇ.

## ಹೇಳಿಯಾಯಿತು, ಮುಂದೇನು?

ಅವರು ಕೇಳದೆ ಹೋಗಬಹುದು. 2 ತಿಮೊಥೆಯ 2ನೇ ಅಧ್ಯಾಯ ಇದಕ್ಕೆ ಮೊದಲೇ ಸಿದ್ಧ ಮಾಡುತ್ತದೆ. ಕರ್ತನ ಸೇವಕ ಜಗಳವಾಡಬಾರದು, ಎದುರಾಡುವವರನ್ನು ಮೆತ್ತಗೆ ತಿದ್ದಬೇಕು. ದೇವರು ಅವರಿಗೆ ಪಶ್ಚಾತ್ತಾಪ ಕೊಟ್ಟಾನು. ಮನಸ್ಸು ತಿರುಗಿಸುವ ಕೆಲಸ ದೇವರದ್ದು. ಇದನ್ನು ನಂಬಿದವನು ಒಂದೇ ಮಾತನ್ನು ಹತ್ತು ಸಾರಿ ದನಿ ಏರಿಸಿ ಹೇಳಬೇಕಾಗಿಲ್ಲ.

ಅವರು ಕೇಳಿದರೆ? ಇದರ ಬಗ್ಗೆ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕೊರಿಂಥ ಸಭೆ ಒಬ್ಬನನ್ನು ಶಿಸ್ತಿಗೆ ಒಳಪಡಿಸಿತ್ತು. ಅವನು ದುಃಖಪಟ್ಟ. ಆಗ ಪೌಲ ಅವರಿಗೆ ಬರೆದ: ಹೆಚ್ಚಿನವರಿಂದ ಅವನಿಗಾದ ಶಿಕ್ಷೆ ಸಾಕು, ಈಗ ಅವನನ್ನು ಕ್ಷಮಿಸಿ, ಸಂತೈಸಿ, ಇಲ್ಲದಿದ್ದರೆ ದುಃಖ ಮಿತಿ ಮೀರಿ ಅವನನ್ನು ನುಂಗೀತು, ನಿಮ್ಮ ಪ್ರೀತಿ ನಿಜ ಅಂತ ಅವನಿಗೆ ತೋರಿಸಿ (2 ಕೊರಿಂಥ 2:6–8). ತಪ್ಪೊಪ್ಪಿಕೊಂಡವನ ಪಕ್ಕದಲ್ಲಿ ಮುಂದಿನ ಭಾನುವಾರ ಯಾರು ಕೂರುತ್ತಾರೆ, ಅವನ ಹಳೆಯ ಕಥೆಯನ್ನು ಹೊಸಬರಿಗೆ ಹೇಳದೆ ಯಾರು ಇರುತ್ತಾರೆ, ಸಭೆಯ ಕೆಲಸಕ್ಕೆ ಅವನನ್ನು ಮತ್ತೆ ಯಾರು ಕರೆಯುತ್ತಾರೆ ಎನ್ನುವುದೂ ತಿದ್ದುವ ಕೆಲಸದ ಭಾಗವೇ. ಇವುಗಳಲ್ಲಿ ಮೊದಲನೆಯದನ್ನು, ಅವನ ಹತ್ತಿರ ಹೋಗಿ ತಪ್ಪು ಹೇಳಿದವನೇ ಮಾಡಿದರೆ ಒಳ್ಳೆಯದು.